ಯಾರ ಎದೆಮಟ್ಟ

"ಗುರುಗಳೇ, ತಾನೇ ಅಳೆದು ತಿಳಿದದ್ದಕ್ಕೂ, ಅಳೆದವರು ಬರೆದಿಟ್ಟದ್ದನ್ನು ನೋಡಿ ತಿಳಿದದ್ದಕ್ಕೂ ಭೇದವೇನು? ಎರಡೂ ತಿಳಿದದ್ದೇ ಅಲ್ಲವೇ?"

ಶಿಷ್ಯ ಹೀಗೆ ಕೇಳಲು ಕಾರಣವಿತ್ತು. ಇನ್ನು ಹತ್ತು ದಿನಕ್ಕೆ ಮಠದಿಂದ ಕಾಲ್ನಡಿಗೆಯ ಯಾತ್ರೆ ಹೊರಡುವುದಿತ್ತು. ದಾರಿಯಲ್ಲಿ ಹನ್ನೊಂದು ಊರು. ಬಿಸಿಲಿನ ದಿನ. ಹೊರಟವರಲ್ಲಿ ಮುದುಕರಿದ್ದರು, ಹಸುಗೂಸಿನ ತಾಯಂದಿರಿದ್ದರು. ಯಾವ ಊರಿನ ಯಾವ ಬಾವಿಯಲ್ಲಿ ಕುಡಿಯುವ ನೀರಿದೆ ಎಂದು ತಿಳಿದು ಬಾ ಎಂದು ಗುರುಗಳು ಅವನಿಗೆ ಹೇಳಿದ್ದರು. ಹೋಗಿಬರಲು ಎಂಟು ದಿನ ಹಿಡಿಯುವ ಕೆಲಸ. ಶಿಷ್ಯ ಮರುದಿನವೇ ಪಟ್ಟಿ ತಂದು ಮುಂದಿಟ್ಟ. ಅಕ್ಷರ ಮುತ್ತು ಪೋಣಿಸಿದಂತಿತ್ತು.

"ಇದರಲ್ಲಿ ಎಷ್ಟು ಬಾವಿಯ ನೀರು ಕುಡಿದೆ?" ಎಂದು ಗುರುಗಳು ಕೇಳಿದ್ದರು.

ಒಂದರದ್ದೂ ಇಲ್ಲ ಎಂದು ಶಿಷ್ಯ ಒಪ್ಪಿಕೊಂಡಿದ್ದ. ಮಠದ ಹಳೆಯ ಕಡತದಲ್ಲಿ ಎಲ್ಲ ಬಾವಿಗಳ ವಿವರವಿತ್ತು, ಹಿಂದಿನ ಗುರುಗಳೇ ಬರೆಸಿಟ್ಟದ್ದು, ಅದನ್ನು ನೋಡಿ ಬರೆದುಕೊಂಡೆ ಎಂದಿದ್ದ. ಆಮೇಲೆ, ತುಸು ಬಿರುಸಿನಿಂದಲೇ, ಈ ಪ್ರಶ್ನೆ ಕೇಳಿದ್ದ.

ಗುರುಗಳು ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟರು. ಎಂದೋ ಕೇಳಿದ ದನಿಯನ್ನು ಮತ್ತೆ ಕಿವಿಗೆ ತಂದುಕೊಳ್ಳುವವರಂತೆ ಕಣ್ಣು ಮುಚ್ಚಿದರು. ಬಳಿಕ ಈ ಕತೆ ಹೇಳಿದರು.

ಹೊಳೆಗೆ ಸೇತುವೆ ಇಲ್ಲದ ಕಾಲ. ಒಂದು ಊರಿನ ಕೆಳಗೆ ಹೊಳೆ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಜನ ಅಲ್ಲಿಯೇ ಹೊಳೆ ದಾಟುತ್ತಿದ್ದರು. ಆ ಜಾಗಕ್ಕೆ ಕಡವು ಎಂದು ಹೆಸರು. ಈ ದಡದಲ್ಲೊಂದು ಮತ್ತಿಮರ, ಆ ದಡದಲ್ಲೊಂದು ಮತ್ತಿಮರ. ನಡುವೆ ಬಿಗಿದು ಕಟ್ಟಿದ ಹಗ್ಗ. ನೀರು ಕಡಿಮೆ ಇದ್ದಾಗ ಜನ ಹಗ್ಗ ಹಿಡಿದು ನಡೆದೇ ದಾಟುತ್ತಿದ್ದರು. ನೀರು ಹೆಚ್ಚಿದಾಗ ಅಂಬಿಗ ಹರಿಗೋಲಿನಲ್ಲಿ ಕೂರಿಸಿ ದಾಟಿಸುತ್ತಿದ್ದ. ಇವತ್ತು ಹಗ್ಗವೋ ಹರಿಗೋಲೋ ಎಂದು ಹೇಳುವವನೂ ಅವನೇ. ಅವನ ಮಾತು ನಂಬಿ ಜನ ನೀರಿಗೆ ಕಾಲಿಡುತ್ತಿದ್ದರು.

ಅಂಬಿಗನ ಹೆಸರು ಮೈಲಾರಪ್ಪ. ತಾಳೆಮರದಂಥ ಆಳು. ಮನೆಯ ಬಾಗಿಲಲ್ಲಿ ಬಗ್ಗಿ ಬಗ್ಗಿ, ಬಯಲಿನಲ್ಲೂ ಬಗ್ಗಿ ನಡೆಯುವುದು ಅವನಿಗೆ ರೂಢಿಯಾಗಿತ್ತು. ಅವನಿಗೆ ಒಬ್ಬಳೇ ಮಗಳು. ಅಜ್ಜಿಯ ಹೆಸರನ್ನೇ ಇಟ್ಟು ಗಿಡ್ಡವ್ವ ಎಂದು ಕರೆದರು. ಮಗಳು ಹೆಸರಿಗೆ ಮೋಸ ಮಾಡಲಿಲ್ಲ. ಎತ್ತರದಲ್ಲಿ ತಾಯಿಯನ್ನು ಹೋಲಿದಳು. ಹಟದಲ್ಲಿ ಮಾತ್ರ ಯಾರನ್ನೂ ಹೋಲಲಿಲ್ಲ. ಅದು ಅವಳದೇ ಸಂಪಾದನೆ.

ಕಡವಿನ ಪಕ್ಕದಲ್ಲಿ ನೀರಿಗೆ ಇಳಿದು ನಿಂತ ಒಂದು ಬಂಡೆಯಿತ್ತು. ಬಂಡೆಯ ಮೇಲೆ ಮೈಲಾರಪ್ಪ ಹೊಡೆದ ಮೂರು ಗೆರೆಗಳಿದ್ದವು. ನೀರು ಕೆಳಗಿನ ಗೆರೆ ಮುಟ್ಟಿದರೆ ಕಡವಿನ ನಡುವೆ ಮೊಣಕಾಲುದ್ದ. ನಡುವಿನ ಗೆರೆ ಮುಟ್ಟಿದರೆ ಸೊಂಟಮಟ್ಟ. ಮೇಲಿನ ಗೆರೆ ಮುಟ್ಟಿದರೆ ಎದೆಮಟ್ಟ. ಎದೆಮಟ್ಟದ ಗೆರೆಯೂ ಮುಳುಗಿದರೆ ಹಗ್ಗ ಬಿಚ್ಚಬೇಕು, ಹರಿಗೋಲು ಇಳಿಸಬೇಕು. ಗಿಡ್ಡವ್ವನಿಗೆ ಓದುಬರಹ ಯಾರೂ ಕಲಿಸಲಿಲ್ಲ. ಅವಳು ತಾನಾಗಿ ಓದಲು ಕಲಿತದ್ದು ಆ ಬಂಡೆಯೊಂದನ್ನೇ. ಆರು ವರ್ಷದವಳಿದ್ದಾಗಲೇ ದಡದ ಮೇಲಿಂದ ಕೂಗಿ ಹೇಳುತ್ತಿದ್ದಳು: "ಅಪ್ಪಾ, ಸೊಂಟಕ್ಕ ಎರಡು ಬೆರಳು ಕಡಿಮಿ!"

ಅಪ್ಪ ನಗುತ್ತಿದ್ದ. ನಕ್ಕು, ಆದರೂ ದಿನವೂ ಬೆಳಿಗ್ಗೆ ಹೊಳೆಗೆ ಇಳಿಯುತ್ತಿದ್ದ. ಈ ದಡದಿಂದ ಆ ದಡಕ್ಕೆ ನಡೆದು, ತಿರುಗಿ ಬಂದು, ಹೊಳೆಯ ಗಂಗವ್ವನಿಗೆ ಕೈಮುಗಿದು ಮೇಲೆ ಬರುತ್ತಿದ್ದ. ಅದು ಅಪ್ಪನ ಸ್ನಾನ ಎಂದು ಮಗಳು ತಿಳಿದಿದ್ದಳು.

ಅವನದು ಇನ್ನೊಂದು ರೂಢಿ. ಯಾರೇ ದಡಕ್ಕೆ ಬರಲಿ, ಮೈಲಾರಪ್ಪ ಮೊದಲು ಕೂಗಿ ಕೇಳುತ್ತಿದ್ದ: "ಯಾರು ಹೊಂಟೀರಿ?" ಬಂದವರು ಹೆಸರು ಹೇಳುತ್ತಿದ್ದರು, ಊರು ಹೇಳುತ್ತಿದ್ದರು. ಅವನು ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದ. ಆಮೇಲೆ ಹಗ್ಗ ಎನ್ನುತ್ತಿದ್ದ, ಇಲ್ಲವೇ ಹರಿಗೋಲು ಎನ್ನುತ್ತಿದ್ದ. ಅಪ್ಪನಿಗೆ ಮಂದಿಯ ಹುಚ್ಚು ಎಂದು ಮಗಳು ಅಂದುಕೊಂಡಿದ್ದಳು.

ಮೈಲಾರಪ್ಪನ ಕೊರಳಲ್ಲಿ ಕರಿದಾರದ ತಾಯಿತವಿತ್ತು. ಅದು ಸರಿಯಾಗಿ ಎದೆಯ ನಡುವೆ ತೂಗುತ್ತಿತ್ತು. ತಾಯಿ ತೀರಿದ ದಿನ ಗಿಡ್ಡವ್ವ ಬೆಳೆದು ನಿಂತ ಹೆಣ್ಣು. ಅವತ್ತು ಅಪ್ಪನ ಎದೆಗೆ ಹಣೆಯಿಟ್ಟು ಅತ್ತಳು. ಅತ್ತು ಮುಗಿದಾಗ ತಾಯಿತದ ಅಚ್ಚು ಹಣೆಯ ಮೇಲೆ ಮೂಡಿತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಉಜ್ಜಿ, "ಕುಂಕುಮ ಹಚ್ಚಿದಂಗ ಆತಲ್ಲ" ಎಂದಿದ್ದ.

ಅದಾಗಿ ನಾಲ್ಕು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ, ಮೂರು ದಿನದ ಜ್ವರಕ್ಕೆ ಅಪ್ಪನೂ ಹೋದ.

ಕಡವು ಯಾರಿಗೆ ಎಂಬ ಮಾತು ಬಂತು. ಊರಿನ ಗೌಡ, ಮೈಲಾರಪ್ಪನಷ್ಟೇ ಎತ್ತರದ ಆಳು, ಕಟ್ಟೆಯ ಮೇಲೆ ಕುಳಿತು ಹಿರಿಯರನ್ನು ಕೇಳಿದ. ಹೆಣ್ಣು ಹೆಂಗಸು ಹೊಳೆ ಕಾಯುವುದುಂಟೇ ಎಂದರು ಕೆಲವರು. ಮೈಲಾರಪ್ಪನ ತಮ್ಮನಿದ್ದಾನಲ್ಲ ಎಂದರು ಕೆಲವರು. ತಮ್ಮ ಪಕ್ಕದಲ್ಲೇ ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಳ್ಳುತ್ತ ನಿಂತಿದ್ದ.

ಗಿಡ್ಡವ್ವ ಜನರ ನಡುವೆ ಬಂದು ನಿಂತಳು. "ಕಲ್ಲಿನ ಮ್ಯಾಲೆ ಗೆರಿ ಅದಾವು. ನನಗ ಕಣ್ಣು ಅದಾವು. ಇನ್ನೇನು ಬೇಕ್ರಿ, ಗೌಡ್ರ?"

ಗೌಡ ಮೀಸೆಯಲ್ಲೇ ನಕ್ಕ. "ಮಹಾನವಮಿ ತನಕ ಕಡವು ನಿನ್ನ ಕೈಯಾಗಿರಲಿ. ನಡುವ ಒಂದು ಮಾತು ಸುಳ್ಳಾದ್ರೂ ನಿಮ್ಮ ಕಾಕಾಗ."

"ನಮ್ಮಪ್ಪನ ಗೆರಿ ಸುಳ್ಳಾಗೂದಿಲ್ರಿ."

ಕಡವು ಹೋದರೆ ಅವಳಿಗೆ ಹೋಗುತ್ತಿದ್ದುದು ಬರಿಯ ಕೆಲಸವಲ್ಲ. ಅಪ್ಪ ಮೂವತ್ತು ವರ್ಷ ನಿಂತ ಜಾಗ. ಆ ಮತ್ತಿಮರದ ಬೇರಿನ ಮೇಲೆ ಅವನು ಕೂತು ಕೂತು ನುಣುಪಾಗಿತ್ತು. ಅಲ್ಲಿ ಚಿಕ್ಕಪ್ಪ ಕೂರುವುದನ್ನು ಅವಳು ಕಾಣಲಾರಳು.

ಹಾಗೆ ಗಿಡ್ಡವ್ವ ಕಡವಿನ ಒಡತಿಯಾದಳು. ಬೆಳಿಗ್ಗೆ ಎದ್ದು ಬಂಡೆ ನೋಡುವಳು. ಬೇರಿನ ಮೇಲೆ ಕೂತು ಬಂದವರಿಗೆ ಹೇಳುವಳು. ಅವಳ ಕಾಲಿನ ಬೆರಳೂ ಒದ್ದೆಯಾಗುತ್ತಿರಲಿಲ್ಲ. ಮೈಲಾರಪ್ಪ ನೀರಿಗಿಳಿದು ಹೇಳುತ್ತಿದ್ದ, ಮಗಳು ಕೂತಲ್ಲೇ ಹೇಳುತ್ತಾಳೆ ಎಂದು ಜನ ಬೆರಗಾದರು. ಆ ಮಾತು ಅವಳ ತಲೆಗೆ ಹೂ ಮುಡಿಸಿದಂತಾಯಿತು.

ಹೊಳೆಯಲ್ಲಿ ದಿನವೂ ಬಟ್ಟೆ ಒಗೆಯುವ ಮಡಿವಾಳರ ಅಜ್ಜಿಯೊಬ್ಬಳಿದ್ದಳು. ಅವಳಿಗೆ ಯಾರ ಭಿಡೆಯೂ ಇರಲಿಲ್ಲ. ಒಂದು ದಿನ ಬಟ್ಟೆ ಹಿಂಡುತ್ತ ಕೇಳಿದಳು: "ಏ ಗಿಡ್ಡಿ, ಒಂದ ಸಲ ನೀನೂ ಇಳಿದು ನೋಡಬಾರದೇನ?"

"ನಮ್ಮಪ್ಪ ನೋಡ್ಯಾನಲ್ಲ ಅಜ್ಜಿ, ಮತ್ಯಾಕ?"

"ನಿಮ್ಮಪ್ಪ ಉಂಡಾನಂತ ನಿನ್ನ ಹೊಟ್ಟಿ ತುಂಬತೈತೇನ?"

ಗಿಡ್ಡವ್ವ ಕೇಳಿಸಿಕೊಂಡೂ ಕೇಳದವಳಂತೆ ಬಂಡೆಯ ಕಡೆ ಮುಖ ಮಾಡಿದಳು.

ಮಳೆಗಾಲ ಹಿಡಿಯುವ ಮುಂಚೆ ಅವಳು ಮೊಣಕಾಲುದ್ದ ಎಂದ ದಿನ ಒಬ್ಬ ಕುಂಬಾರಗಿತ್ತಿಯ ಸೀರೆ ಮೊಣಕಾಲಿನ ಮೇಲೆ ನಾಲ್ಕು ಬೆರಳು ನೆನೆಯಿತು. ಸೀರೆ ಎತ್ತಿ ಹಿಡಿಯಬೇಕಿತ್ತು ಎಂದಳು ಗಿಡ್ಡವ್ವ. ಮಳೆ ಬಂದ ಮೇಲೆ ಸೊಂಟಮಟ್ಟ ಎಂದ ದಿನ ಒಬ್ಬ ಮುದುಕ ಪಕ್ಕೆಲುಬಿನವರೆಗೆ ತೊಯ್ದು ಬಂದು ಬೈದ. "ನೀರಾಗ ಬಗ್ಗಿ ನಡದೀಯಪ್ಪಾ, ನೆಟ್ಟಗ ನಡಿ" ಎಂದಳು. ಗೆರೆ ತಪ್ಪಲಾರದು. ಆದ್ದರಿಂದ ಮಂದಿಯೇ ತಪ್ಪಿರಬೇಕು. ಮೊಣಕಾಲಿನಲ್ಲಿ ನಾಲ್ಕು ಬೆರಳಿದ್ದ ತಪ್ಪು ಸೊಂಟದಲ್ಲಿ ಒಂದು ಗೇಣಾಗಿತ್ತು. ತಪ್ಪು ನೀರಿನ ಜೊತೆಗೇ ಏರುತ್ತಿತ್ತು. ಅವಳು ಬಂಡೆ ನೋಡುತ್ತಿದ್ದಳೇ ಹೊರತು ಬಂದವರನ್ನು ನೋಡುತ್ತಿರಲಿಲ್ಲ.

ಮಹಾನವಮಿಗೆ ಮುಂಚಿನ ಅಮಾವಾಸ್ಯೆ. ಮರುದಿನದಿಂದ ಒಂಬತ್ತು ದಿನ ಹಬ್ಬ. ಒಬ್ಬ ಬಳೆಗಾರ್ತಿ ಬಳೆಯ ಬುಟ್ಟಿ ಹೊತ್ತು ದಡಕ್ಕೆ ಬಂದಳು. ಮುಟಿಗೆಯಷ್ಟಿದ್ದ ಹೆಂಗಸು, ದನಿ ಮಾತ್ರ ಆ ದಡಕ್ಕೆ ಮುಟ್ಟುವಂಥದ್ದು. ಆ ದಡದ ಊರಿನಲ್ಲಿ ಹೆಣ್ಣುಮಕ್ಕಳು ಅವಳಿಗಾಗಿ ಕಾದಿದ್ದರು.

ಗಿಡ್ಡವ್ವ ಬಂಡೆ ನೋಡಿದಳು. ಮೇಲಿನ ಗೆರೆಗೆ ನೀರು ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಹರಿಗೋಲನ್ನು ಅವತ್ತೇ ಬೋರಲು ಹಾಕಿ ಡಾಂಬರು ಬಳಿದಿದ್ದಳು. ಅದು ಒಣಗಬೇಕಿತ್ತು.

"ಎದಿಮಟ್ಟಕ್ಕೂ ಕಡಿಮಿ ಐತಿ. ಹಗ್ಗ ಹಿಡಕೊಂಡು ನಡೀರಿ."

ಬಳೆಗಾರ್ತಿ ಬುಟ್ಟಿಯನ್ನು ತಲೆಯ ಮೇಲಿಟ್ಟು, ಒಂದು ಕೈಯಲ್ಲಿ ಅದನ್ನೂ ಒಂದು ಕೈಯಲ್ಲಿ ಹಗ್ಗವನ್ನೂ ಹಿಡಿದು ಇಳಿದಳು. ಹತ್ತು ಹೆಜ್ಜೆಗೆ ಸೊಂಟ ಮುಳುಗಿತು. ಇಪ್ಪತ್ತು ಹೆಜ್ಜೆಗೆ ಎದೆ ಮುಳುಗಿತು. ಹೊಳೆಯ ನಡು ಇನ್ನೂ ಮುಂದಿತ್ತು.

"ಏ ಯವ್ವಾ, ಗದ್ದಕ್ಕ ಬಂತು ನೀರು!" ಎಂದು ಕೂಗಿದಳು.

"ಗದ್ದಕ್ಕ ಹೆಂಗ ಬರ್ತೈತಿ? ಎದಿಮಟ್ಟಕ್ಕೂ ಇಲ್ಲ. ಮುಂದ ನಡೀರಿ!"

"ಗದ್ದ ನಂದು, ನಿಂದಲ್ಲ!"

"ಗೆರಿ ನೋಡಿ ಹೇಳಾಕತ್ತೀನಿ! ನಡೀರಿ ನೀವು!"

ನೀರಿನಲ್ಲಿ ನಿಂತವಳಿಗೆ ದಡದಲ್ಲಿ ಕೂತವಳು ಆಳ ಹೇಳುತ್ತಿದ್ದಳು. ಬಳೆಗಾರ್ತಿ ಆ ಮಾತು ನಂಬಿ ಇನ್ನೂ ಎರಡು ಹೆಜ್ಜೆ ಇಟ್ಟಳು. ಮೂಗು ಮುಳುಗಿತು. ಬುಟ್ಟಿ ವಾಲಿತು. ಕೈಯಿಂದ ಹಗ್ಗ ಜಾರಿತು.

ಗಿಡ್ಡವ್ವ ನೀರಿಗೆ ಹಾರಿದಳು. ಅಂಬಿಗರ ಮಗಳು, ಈಜು ಬರುತ್ತಿತ್ತು. ಮುಳುಗಿದವಳ ಸೆರಗು ಸಿಕ್ಕಿತು. ಹಿಡಿದುಕೊಂಡು ನಿಲ್ಲೋಣವೆಂದು ಕಾಲು ಕೆಳಗೆ ಬಿಟ್ಟಳು. ಕಾಲಿಗೆ ಮರಳು ಸಿಕ್ಕಿತು. ಆದರೆ ಬಾಯಿ ಮೂಗು ಎರಡೂ ನೀರಿನ ಒಳಗಿದ್ದವು. ಎದೆಮಟ್ಟ ಎಂದ ನೀರಿನಲ್ಲಿ ಅವಳಿಗೆ ಉಸಿರಿಗೂ ಜಾಗವಿರಲಿಲ್ಲ. ಬಳೆಗಾರ್ತಿ ಅವಳ ಕುತ್ತಿಗೆಗೆ ಜೋತುಬಿದ್ದಳು. ಅಷ್ಟರಲ್ಲಿ ಮಡಿವಾಳರ ಅಜ್ಜಿ ಎರಡು ಒದ್ದೆ ಸೀರೆಗಳನ್ನು ಗಂಟುಹಾಕಿ ಬೀಸಿ ಎಸೆದಳು. ಅದನ್ನು ಹಿಡಿದು ಇಬ್ಬರೂ ದಡ ಸೇರಿದರು. ಬುಟ್ಟಿ ಹೊಳೆಯ ಪಾಲಾಯಿತು. ಎಷ್ಟೋ ವರ್ಷ ಆ ಕಡವಿನ ಮರಳಿನಲ್ಲಿ ಹಸಿರು ಬಳೆಚೂರು ಸಿಗುತ್ತಿತ್ತಂತೆ.

ಬಳೆಗಾರ್ತಿ ನೀರು ಕಕ್ಕಿ, ಕೆಮ್ಮಿ, ಎದ್ದು ಕೂತಳು. ಅಳಲಿಲ್ಲ. ಗಿಡ್ಡವ್ವನ ಮುಖ ನೋಡಿ ಕೇಳಿದಳು:

"ನಿಮ್ಮಪ್ಪನ ಎದಿ ಎಲ್ಲಿತ್ತವ್ವಾ, ಮುಗಿಲಿನಾಗಿತ್ತೇನು?"

ಗಿಡ್ಡವ್ವನ ಕೈ ತಾನಾಗಿ ಹಣೆಗೆ ಹೋಯಿತು. ಅಪ್ಪನ ಎದೆ ಎಲ್ಲಿತ್ತು ಎಂದು ಅವಳಿಗೆ ಗೊತ್ತಿತ್ತು. ತಾಯಿತದ ಅಚ್ಚು ಬಿದ್ದ ಜಾಗದಲ್ಲಿತ್ತು. ಅಷ್ಟು ವರ್ಷದಿಂದ ಹಣೆಗೆ ಗೊತ್ತಿದ್ದದ್ದನ್ನು ಅವಳು ಕಲ್ಲನ್ನು ಕೇಳುತ್ತಿದ್ದಳು.

ಸುದ್ದಿ ಊರಿಗೆ ಮುಟ್ಟಿತು. ಗೌಡ ದಡಕ್ಕೆ ಬಂದ. ಅವನ ಹಿಂದೆ ಚಿಕ್ಕಪ್ಪನೂ ಬಂದ. ಅವನ ವಲ್ಲಿ ಅವತ್ತು ಮಡಿಯಾಗಿತ್ತು.

"ಮಹಾನವಮಿ ತನಕ ಒಂದು ಮಾತು ಸುಳ್ಳಾದ್ರೂ ಕಡವು ಕಾಕಾಗ ಅಂದಿದ್ದೆ" ಎಂದ ಗೌಡ.

ಉತ್ತರ ಕೊಟ್ಟವಳು ಬಳೆಗಾರ್ತಿ. "ಮುಳುಗಿದಾಕಿ ನಾನು, ಗೌಡ್ರ. ನನ್ನ ಕೇಳ್ರಿ. ಈಕಿ ದಡದ ಮ್ಯಾಲೆ ಕೂತು ಸುಳ್ಳು ಹೇಳಿದ್ಲು, ಖರೆ. ಆದ್ರ ನಾ ಮುಳುಗಿದ ಮ್ಯಾಲೆ ದಡದ ಮ್ಯಾಲೆ ಕೂಡಲಿಲ್ಲ. ಮಹಾನವಮಿ ತನಕ ಅಂತ ನೀವ ಅಂದಿದ್ರಲ್ಲ? ಇನ್ನ ಒಂಬತ್ತು ದಿನ ಐತಿ."

ಗೌಡನಿಗೆ ತನ್ನ ಮಾತನ್ನು ತಾನು ಮೀರುವಂತಿರಲಿಲ್ಲ, ಮುಳುಗಿದವಳ ಮಾತನ್ನು ತಳ್ಳುವಂತೆಯೂ ಇರಲಿಲ್ಲ. ಒಂಬತ್ತು ದಿನ ಎಲ್ಲರಿಗೂ ಹರಿಗೋಲೇ ಆಗಲಿ, ಅದನ್ನು ಚಿಕ್ಕಪ್ಪ ನಡೆಸಲಿ, ಮಹಾನವಮಿಯ ದಿನ ಕಡೆಯ ಮಾತು ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಗಿಡ್ಡವ್ವ ಉಳಿ ಸುತ್ತಿಗೆ ಹಿಡಿದು ಬಂಡೆಗೆ ಹೋದಳು. ಮೇಲಿನ ಗೆರೆಯ ಮೇಲೆ ಉಳಿ ಇಟ್ಟಳು. ಗೆರೆಯ ಒಳಗೆ ಪಾಚಿ ಬೆಳೆದಿತ್ತು. ಸಣ್ಣವಳಿದ್ದಾಗ ಅದನ್ನು ಬೆರಳಿನಿಂದ ಕೆರೆದು ತೆಗೆಯುವುದು ಅವಳ ಆಟವಾಗಿತ್ತು. ಸುತ್ತಿಗೆ ಎತ್ತಿದಳು.

"ಸಿಟ್ಟು ಅಪ್ಪನ ಮ್ಯಾಲೋ, ಕಲ್ಲಿನ ಮ್ಯಾಲೋ?" ಎಂದಿತು ಹಿಂದಿನಿಂದ ಒಂದು ದನಿ. ಮಡಿವಾಳರ ಅಜ್ಜಿ ಬಟ್ಟೆಯ ಗಂಟು ಇಳಿಸುತ್ತಿದ್ದಳು.

"ಇದು ಸುಳ್ಳು ಗೆರಿ, ಅಜ್ಜಿ. ಕೆತ್ತಿ ತಗೀತೀನಿ."

"ಸುಳ್ಳಲ್ಲ ಅದು. ಈ ಗೆರಿ ಹೊಡಿಯೋ ದಿನ ನಾ ಇಲ್ಲೇ ಇದ್ದೆ. ಆಗ ನಿಮ್ಮಪ್ಪಗ ಇಪ್ಪತ್ತು ವರ್ಷ. ಹೊಳಿ ನಡುವ ನಿಂತು ಎದಿಗೆ ನೀರು ಬಂತು ಅಂತ ಕೂಗಿದ. ಅವನ ಗೆಣೆಕಾರ ಇಲ್ಲಿ ನೀರಿನ ಅಂಚಿಗೆ ಗೆರಿ ಹೊಡದ. ಅವನ ಎದಿಗೆ ಅದು ಖರೇನ ಐತಿ. ಅವ ತನಗಂತ ಹೊಡಕೊಂಡ ಗೆರಿ, ಮಗಳ. ನಿನಗಂತ ಹೊಡದದ್ದಲ್ಲ."

ಅಜ್ಜಿ ಅಷ್ಟು ಹೇಳಿ ಬಟ್ಟೆ ಒಗೆಯಲು ಕುಳಿತಳು. ಗಿಡ್ಡವ್ವ ಸುತ್ತಿಗೆ ಕೆಳಗಿಟ್ಟಳು. ಸೀರೆಯ ಕಚ್ಚೆ ಬಿಗಿದು ಹಗ್ಗ ಹಿಡಿದು ಹೊಳೆಗೆ ಇಳಿದಳು. ಅಪ್ಪ ಸತ್ತ ಮೇಲೆ ಆ ನೀರಿನಲ್ಲಿ ಅವಳು ನಡೆದದ್ದು ಅದೇ ಮೊದಲು.

ಒಂಬತ್ತು ದಿನವೂ ಇಳಿದಳು. ಒಂದು ಬಿದಿರಿನ ಗಳ ತೆಗೆದುಕೊಂಡು ಅದರ ಮೇಲೆ ತನ್ನ ಮೊಣಕಾಲು, ತನ್ನ ಸೊಂಟ, ತನ್ನ ಎದೆ ಗುರುತು ಮಾಡಿಕೊಂಡಳು. ಹೆಜ್ಜೆಗೊಮ್ಮೆ ಗಳ ಊರಿದಳು. ಬಂಡೆಯಲ್ಲಿ ನೀರು ಎಲ್ಲಿದೆ, ನಡುಹೊಳೆಯಲ್ಲಿ ಎಲ್ಲಿದೆ ಎಂದು ಎರಡನ್ನೂ ಕೂಡಿಸಿ ನೋಡಿದಳು. ಆ ದಡದ ಹತ್ತಿರ ಮರಳು ಸರಿದು ಒಂದು ಗುಂಡಿ ಬಿದ್ದಿತ್ತು. ಅಪ್ಪ ಗೆರೆ ಹೊಡೆದ ಕಾಲದಲ್ಲಿ ಅದು ಇರಲಿಲ್ಲ. ಬಂಡೆಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಆ ದಡದಲ್ಲಿ ಹಗ್ಗದ ತುದಿಯನ್ನು ನೀರು ಬರುವ ದಿಕ್ಕಿಗೆ ನಾಲ್ಕು ಮಾರು ಸರಿಸಿ, ಗೂಟ ನೆಟ್ಟು ಕಟ್ಟಿಸಿದಳು.

ಒಂದು ಬೆಳಿಗ್ಗೆ ಹಾಗೆ ನಡುಹೊಳೆಯಲ್ಲಿ ನಿಂತಿದ್ದಾಗ ಎಳೆಬಿಸಿಲು ಕಣ್ಣಿಗೆ ಹೊಡೆಯಿತು. ಅಪ್ಪನೂ ಇಲ್ಲಿಯೇ ನಿಲ್ಲುತ್ತಿದ್ದ, ಇದೇ ಹೊತ್ತಿಗೆ, ಇದೇ ಬಿಸಿಲಿಗೆ ಕಣ್ಣು ಕಿರಿದು ಮಾಡಿ. ಸ್ನಾನ ಮಾಡುವವನು ಆ ದಡದವರೆಗೆ ಯಾಕೆ ನಡೆಯುತ್ತಿದ್ದ? ಅವಳಿಗೆ ಆಗ ಹೊಳೆಯಿತು. ಗೆರೆ ಹೊಡೆದವನೇ ತಾನು ಹೊಡೆದ ಗೆರೆಯನ್ನು ದಿನವೂ ಪರೀಕ್ಷೆ ಮಾಡುತ್ತಿದ್ದ. ಅದೇ ಹೊತ್ತಿಗೆ ದಡದಲ್ಲಿ ಯಾರೋ ಬಂದು ನಿಂತರು. ಬಿಸಿಲಿಗೆ ಮುಖ ಕಾಣಲಿಲ್ಲ. ಅವಳ ಬಾಯಿಂದ ತಾನಾಗಿ ಒಂದು ಮಾತು ಹೊರಟಿತು. ಹೊರಟ ಮೇಲೆ ಅದು ಯಾರ ಮಾತೆಂದು ತಿಳಿಯಿತು. ತಿಳಿದು, ನೀರಿನಲ್ಲಿ ನಿಂತೇ ಅತ್ತಳು.

ಮಹಾನವಮಿಯ ದಿನ ಊರಿಗೆ ಊರೇ ದಡಕ್ಕೆ ಬಂತು. ಬಳೆಗಾರ್ತಿ ಮುಂದೆಯೇ ನಿಂತಿದ್ದಳು. ಗೌಡ ಕೇಳಿದ: "ಇವತ್ತ ಹೊಳಿ ಎಷ್ಟು ಆಳ ಐತಿ? ಇಬ್ಬರೂ ಹೇಳ್ರಿ."

ಚಿಕ್ಕಪ್ಪ ಬಂಡೆಯ ಕಡೆ ಕತ್ತು ಚಾಚಿ ನೋಡಿದ. ನೀರು ನಡುವಿನ ಗೆರೆ ಮುಟ್ಟಿತ್ತು. "ಸೊಂಟಮಟ್ಟ" ಎಂದ.

ಗಿಡ್ಡವ್ವನ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳು ಬಂಡೆಯ ಕಡೆ ತಿರುಗಲಿಲ್ಲ. ಗೌಡನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿದಳು:

"ಯಾರು ಹೊಂಟೀರಿ?"

ಹುಡುಗರು ನಕ್ಕರು. ಮುದುಕರು ನಗಲಿಲ್ಲ. ಆ ಮಾತನ್ನು ಅವರು ಮೂವತ್ತು ವರ್ಷ ಕೇಳಿದ್ದರು. ಅದನ್ನು ಮತ್ತೆ ಆ ದಡದಲ್ಲಿ ಕೇಳುತ್ತೇವೆಂದು ಅಂದುಕೊಂಡಿರಲಿಲ್ಲ.

"ಯಾರು ಹ್ವಾದ್ರೇನು? ಹೊಳಿ ಆಳ ಒಂದ ಅಲ್ಲೇನು?" ಎಂದ ಗೌಡ.

"ಆಳ ಕೇಳೂ ಮುಂಚೆ ಆಳು ಯಾರಂತ ಹೇಳಬೇಕ್ರಿ, ಗೌಡ್ರ. ನಿಮಗಾದ್ರ ಸೊಂಟ. ನಮ್ಮ ಕಾಕಾಗ ಹೊಕ್ಕಳ ಮ್ಯಾಲೆ. ನನಗ, ಈ ಬಳಿಗಾರ್ತಿ ಅಕ್ಕಗ ಎದಿ. ನಿಮ್ಮ ಕೈ ಹಿಡದು ನಿಂತಾಳಲ್ಲ ನಿಮ್ಮ ಮೊಮ್ಮಗಳು, ಆಕಿಗೆ ಹರಿಗೋಲು."

ಗೌಡ ಮೊಮ್ಮಗಳನ್ನು ನೋಡಿದ. ಅವಳ ಕೈ ಬಿಟ್ಟು, ಚಪ್ಪಲಿ ಬಿಟ್ಟು, ಹಗ್ಗ ಹಿಡಿದು ನೀರಿಗಿಳಿದ. ನಡುಹೊಳೆಗೆ ಹೋಗಿ ನಿಂತ. ನೀರು ಸೊಂಟಕ್ಕೆ ಬಂದು ನಿಂತಿತು. ಚಿಕ್ಕಪ್ಪನನ್ನು ಕರೆದ. ಚಿಕ್ಕಪ್ಪ ಇಳಿದ. ನೀರು ಹೊಕ್ಕಳ ದಾಟಿತು. ಸೊಂಟಮಟ್ಟ ಎಂದವನು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು. ವಲ್ಲಿಯ ತುದಿ ಎತ್ತಿ ಹಿಡಿದುಕೊಂಡು ಮೆಲ್ಲಗೆ ದಡಕ್ಕೆ ಬಂದ.

ಮತ್ತಿಮರದ ಬೇರಿನ ಮೇಲೆ ಯಾರು ಕೂರಬೇಕೆಂದು ಆಮೇಲೆ ಯಾರೂ ಕೇಳಲಿಲ್ಲ.

ಗಿಡ್ಡವ್ವ ಅಪ್ಪನ ಗೆರೆಗಳನ್ನು ಕೆತ್ತಿ ತೆಗೆಯಲಿಲ್ಲ. ಅವುಗಳ ಪಕ್ಕದಲ್ಲಿ ತನ್ನ ಗೆರೆಗಳನ್ನು ಹೊಡೆದಳು. ಬೆರಕೆಯಾಗಬಾರದೆಂದು ಅಪ್ಪನ ಗೆರೆಗಳ ತುದಿಗೆ ಒಂದು ತಾಯಿತ ಕೆತ್ತಿದಳು, ತನ್ನ ಗೆರೆಗಳ ತುದಿಗೆ ಒಂದು ಬಳೆ. ಎರಡನ್ನೂ ನೋಡುವಳು, ನೋಡಿ, ದಿನವೂ ನೀರಿಗೆ ಇಳಿಯುವಳು. ಸೆರಗು ಒಣಗಿದ್ದರೆ ಅಂಬಿಗಿತ್ತಿಯ ಮಾತು ನಂಬಬೇಡ ಎಂಬ ಗಾದೆ ಆ ಊರಿನಲ್ಲಿ ಹುಟ್ಟಿತು. ಬಳೆಗಾರ್ತಿ ಪ್ರತಿ ವರ್ಷ ಬರುವಳು. ಮೊದಲು ಗಿಡ್ಡವ್ವನ ಸೆರಗು ಹಿಂಡಿ ನೋಡಿ, ಆಮೇಲೆ ನಗುವಳು.

ವರ್ಷದಲ್ಲಿ ಒಂದೋ ಎರಡೋ ದಿನ ನೀರು ಸರಿಯಾಗಿ ಅಪ್ಪನ ಎದೆಮಟ್ಟದ ಗೆರೆ ಮುಟ್ಟುತ್ತಿತ್ತು. ಅವತ್ತು ಎಲ್ಲರಿಗೂ ಹರಿಗೋಲು. ಎಲ್ಲರನ್ನೂ ದಾಟಿಸಿ ಮುಗಿದ ಮೇಲೆ ಗಿಡ್ಡವ್ವ ನಡುಹೊಳೆಗೆ ಈಜಿ, ಉಸಿರು ಬಿಗಿಹಿಡಿದು, ಮರಳಿನ ಮೇಲೆ ಕಾಲೂರಿ ನಿಲ್ಲುತ್ತಿದ್ದಳು. ನೀರಿನ ಅಂಚು ಅವಳ ಹಣೆಗೆ ಬರುತ್ತಿತ್ತು. ಒಂದು ಉಸಿರು ಹಿಡಿಯುವಷ್ಟು ಹೊತ್ತು ಅಪ್ಪನ ಎದೆಗೆ ಹಣೆಯಿಟ್ಟು ನಿಂತು, ಮೇಲೆ ಬರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತುಂಬಿತ್ತು. ಆದರೂ ಅವನು ಬರೆಯುವ ರೂಢಿ ಬಿಡಲಿಲ್ಲ. ಬಾವಿಗಳ ಪಟ್ಟಿಯನ್ನು ಎತ್ತಿಕೊಂಡು ಅದರ ಹಿಂಬದಿಗೆ ತಿರುಗಿಸಿದ. ಲೇಖನಿ ಹಿಡಿದು ಕೇಳಿದ: "ಗುರುಗಳೇ, ಅಪ್ಪನ ಎದೆಮಟ್ಟದ ಗೆರೆಗೂ ಮಗಳ ಎದೆಮಟ್ಟದ ಗೆರೆಗೂ ನಡುವೆ ಸರಿಯಾಗಿ ಎಷ್ಟು ಅಂತರ?"

ಗುರುಗಳು ಹೇಳಿದರು: "ನಾನು ಹೇಳಿದ್ದು ಕೇಳಿದ್ದನ್ನು; ಬಂಡೆ ಇನ್ನೂ ಅಲ್ಲೇ ಇದೆ."